ಯಾವ ದೇಶದ ಮಕ್ಕಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ?



ಈ ಸಲದ ಗೋಡೆ ಪತ್ರಿಕೆಯಲ್ಲಿ ಅಕ್ಕೋರು ನನಗೆ ಎರಡು ಡ್ರಾಯಿಂಗ್ ಹಾಳೆ ಪೂರ್ತಿ ಬಿಟ್ಟುಕೊಟ್ಟಿದ್ದಾರೆ. ವಿಷಯ ಇಂಗ್ಲಿಷ್. ಇಂಗ್ಲಿಷ್ ಅಂದ ಕೂಡಲೆ ಆಚೆಯ ಹಾಳೆಯ ಒಗಟಿಗೆ ಓಡಬೇಡಿ. ಇದರಲ್ಲಿ ವ್ಯಾಕರಣ ಇಲ್ಲ, ಸ್ಪೆಲ್ಲಿಂಗೂ ಇಲ್ಲ. ಸ್ವಲ್ಪ ಲೆಕ್ಕ ಇದೆ.

ನಮ್ಮೂರಿನಲ್ಲಿ ದೊಡ್ಡವರು ನಾಲ್ಕು ಜನ ಸೇರಿದಲ್ಲಿ ಈಗ ಒಂದೇ ಮಾತು. "ಬೇರೆ ದೇಶದ ಮಕ್ಕಳು ಇಂಗ್ಲಿಷ್ ಪರೀಕ್ಷೆಯಲ್ಲಿ ಎಷ್ಟು ಮುಂದೆ ಹೋದ್ರು, ನಮ್ಮವು ಎಲ್ಲಿದ್ದಾವೆ? ದೂರ ಯಾಕೆ, ಮುಂಡಗೋಡಿನ ಟಿಬೆಟಿನ ಹುಡುಗರನ್ನೇ ನೋಡಿ, ಪಟಪಟ ಅಂತ ಇಂಗ್ಲಿಷ್ ಮಾತಾಡ್ತಾರೆ. ಕನ್ನಡ ಶಾಲೆಗೆ ಹಾಕಿದ್ರೆ ಇಷ್ಟೇ." ಇದನ್ನು ಹೇಳಿದವರಲ್ಲಿ ನಮ್ಮ ಮಾವನೂ ಒಬ್ಬ. ಹೀಗೆ ಹೇಳುತ್ತ ಹೇಳುತ್ತಲೇ ಈ ಜೂನಿನಲ್ಲಿ ನಮ್ಮ ಶಾಲೆಯ ಕೆಲವರು ಪೇಟೆಯ ಶಾಲೆಯ ವ್ಯಾನು ಹತ್ತಿದರು. ನನ್ನ ತಂಗಿ ಎರಡನೇತ್ತೆಯಲ್ಲಿದ್ದಾಳೆ. ಬರುವ ವರ್ಷ ಅವಳನ್ನೂ ಹತ್ತಿಸಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ. ಮಕ್ಕಳು ಕಡಿಮೆಯಾದರೆ ಮಾಸ್ತರು ಹೆಚ್ಚುವರಿ ಅಂತ ಲೆಕ್ಕವಾಗಿ ಬೇರೆ ಊರಿಗೆ ಹೋಗಬೇಕಾಗುತ್ತದೆ. ಮಾಸ್ತರು ಹೋದರೆ ಇದ್ದ ಮಕ್ಕಳೂ ಹೋಗುತ್ತಾರೆ. ಆದ್ದರಿಂದ ಇದು ಬರೀ ಮಾತಲ್ಲ.

ಅಪ್ಪ ಅಮ್ಮನಿಗೆ ತಮ್ಮ ಮಕ್ಕಳನ್ನು ಯಾವ ಮಾಧ್ಯಮಕ್ಕೆ ಬೇಕಾದರೂ ಹಾಕುವ ಹಕ್ಕು ಇದೆ. 2014ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಅದಕ್ಕೆ ನನ್ನ ತಕರಾರು ಇಲ್ಲ. ನನ್ನ ತಕರಾರು ಇರುವುದು "ಬೇರೆ ದೇಶದ ಮಕ್ಕಳನ್ನು ನೋಡಿ" ಎಂಬ ಮಾತಿನ ಮೇಲೆ. ನೋಡಿ ಅಂದರಲ್ಲ, ಸರಿ, ನೋಡೇಬಿಡೋಣ ಅಂತ ನಾನು ಹೊರಟೆ. ಇಂಗ್ಲಿಷಿನಲ್ಲಿದ್ದ ವರದಿಗಳನ್ನು ಗಣಿತದ ಮಾಸ್ತರು ಮೊಬೈಲಿನಲ್ಲಿ ತೆಗೆದು ಅರ್ಥ ಹೇಳಿದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಅತ್ತೆಯ ಮಗ ಭಾವ ಉಳಿದದ್ದನ್ನು ಹೇಳಿದ.

ಪೇಪರಿನಲ್ಲಿ ವರ್ಷವೂ ಬರುವ ಪಟ್ಟಿಯೊಂದಿದೆ. ಇಎಫ್ ಎಂಬ ಸಂಸ್ಥೆ ಅದನ್ನು ಮಾಡುತ್ತದೆ. 2023ರ ಪಟ್ಟಿಯಲ್ಲಿ 113 ದೇಶಗಳಿದ್ದವು. ನೆದರ್ಲ್ಯಾಂಡ್ಸ್, ಅಂದರೆ ನಾವು ಹಾಲೆಂಡ್ ಅನ್ನುವ ದೇಶ, ಒಂದನೆಯದು. ಭಾರತ 60. ಜಪಾನ್ 87. ಪಟ್ಟಿ ನೋಡಿದವರು "ನೋಡಿ, ನಾವು 60" ಅಂತ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಆದರೆ ಆ ಪರೀಕ್ಷೆ ಬರೆದವರು ಯಾರು? ಇಂಟರ್‌ನೆಟ್ಟಿನಲ್ಲಿ ತಾವಾಗಿಯೇ ಹೋಗಿ ಬರೆದವರು. ಯಾರೂ ಅವರನ್ನು ಆರಿಸಿ ಕೂರಿಸಿದ್ದಲ್ಲ. ಗುಡ್ನಾಪುರದಿಂದ ಯಾರಾದರೂ ಬರೆದಿದ್ದೀರಾ? ನಾನಂತೂ ಬರೆದಿಲ್ಲ. ಹಾಗಾದರೆ 60 ಎಂಬುದು ನನ್ನ ನಂಬರು ಹೇಗಾಯ್ತು?

ಇದು ಅರ್ಥವಾಗಲು ಹಾಲೆಂಡಿನ ತನಕ ಹೋಗಬೇಕಾಗಿಲ್ಲ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹೋದ ಜಾತ್ರೆಯ ವಾರ ನಮ್ಮ ತರಗತಿಯಲ್ಲಿ ಇಂಗ್ಲಿಷ್ ಶಬ್ದಗಳ ಕಿರುಪರೀಕ್ಷೆ ಇತ್ತು, 20 ಅಂಕಕ್ಕೆ. ಓದದವರಿಗೆಲ್ಲ ಜಾತ್ರೆ ಒಳ್ಳೆಯ ನೆಪವಾಯಿತು. ಬಂದವರು ಏಳೇ ಜನ, ಏಳೂ ಜನ ಓದಿಕೊಂಡು ಬಂದವರು. ಸರಾಸರಿ 16 ಬಂತು. ಜಾತ್ರೆ ಮುಗಿದು, ಬೆಂಡು ಬತ್ತಾಸು ತಿಂದು ಎಲ್ಲರೂ ಬಂದ ಮೇಲೆ ಇನ್ನೊಂದು ಪರೀಕ್ಷೆ ಆಯಿತು. ಸರಾಸರಿ 11. ಒಂದೇ ವಾರದಲ್ಲಿ ನಮ್ಮ ತರಗತಿ ದಡ್ಡ ಆಯಿತೆ? ಇಲ್ಲ, ಕೂತವರು ಬೇರೆ, ಅಷ್ಟೆ.

ಟೋಫೆಲ್ ಎಂದು ಒಂದು ಪರೀಕ್ಷೆ ಇದೆ. ಅಮೆರಿಕದಂಥ ದೇಶಗಳಿಗೆ ಓದಲು ಹೋಗುವವರು ಬರೆಯುವುದು. 1964ರಿಂದ ನಡೆಯುತ್ತಿದೆ. ಭಾವ ಬರೆದದ್ದು ಇದನ್ನೇ. ಕೇಳುವುದು, ಓದುವುದು, ಮಾತಾಡುವುದು, ಬರೆಯುವುದು ಎಂದು ನಾಲ್ಕು ಭಾಗ. ಫೀಸು ಹದಿನೈದು ಸಾವಿರ ರೂಪಾಯಿಗೂ ಹೆಚ್ಚು. (ನಾನು ಎರಡು ಸಲ ಕೇಳಿದೆ, ಅವನು ಎರಡು ಸಲವೂ ಅದನ್ನೇ ಹೇಳಿದ.) ಈ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಯಾವ ದೇಶದವರಿಗೆ ಸರಾಸರಿ ಎಷ್ಟು, ಯಾವ ತಾಯ್ನುಡಿಯವರಿಗೆ ಎಷ್ಟು ಎಂದು ವರದಿಗಳನ್ನು ಪ್ರಕಟಿಸಿದೆ. ಅದರಲ್ಲಿ ಕನ್ನಡಕ್ಕೂ ಒಂದು ಸಾಲು ಇದೆ! ಜಪಾನಿ, ಚೀನಿ, ಅರಬ್ಬಿ ಭಾಷೆಗಳ ಜತೆ ಕನ್ನಡವನ್ನೂ ನೋಡಿ ನನಗೆ ಖುಷಿಯಾಯಿತು. ಆಮೇಲೆ ಯೋಚನೆ ಬಂತು. ಆ ಸಾಲಿನಲ್ಲಿ ಇರುವ ಕನ್ನಡದವರು ಯಾರು? ಭಾವನಂಥವರು. ಹದಿನೈದು ಸಾವಿರ ಕೊಟ್ಟು, ತಿಂಗಳುಗಟ್ಟಲೆ ತಯಾರಿ ಮಾಡಿ ಬರೆದವರು. ನಮ್ಮ ಆಯಿ ಅದರಲ್ಲಿ ಇಲ್ಲ, ನೀವಿಲ್ಲ, ನಾನಿಲ್ಲ. ಅದನ್ನು ತೋರಿಸಿ "ಕನ್ನಡದವರಿಗೆ ಇಂಗ್ಲಿಷ್ ಇಷ್ಟು ಬರ್ತದೆ" ಅಂದರೆ ಅದು ಜಾತ್ರೆಯ ವಾರದ 16 ಇದ್ದ ಹಾಗೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ವರದಿಯೊಳಗೆ ಇತ್ತು. ಪರೀಕ್ಷೆ ಮಾಡುವ ಆ ಸಂಸ್ಥೆಯೇ ಹೇಳಿದೆ: ಈ ಅಂಕಗಳನ್ನು ಇಟ್ಟುಕೊಂಡು ದೇಶಗಳಿಗೆ ನಂಬರು ಕೊಡಬೇಡಿ, ಅದು ತಪ್ಪು ಬಳಕೆ. ಅದು ಕೊಡುವ ಕಾರಣ ಏನೆಂದರೆ ಒಂದೊಂದು ದೇಶದಿಂದ ಬರೆಯುವವರ ಸಂಖ್ಯೆ ಬೇರೆ, ಇಂಗ್ಲಿಷ್ ಕಲಿಸಲು ಸುರು ಮಾಡುವ ವಯಸ್ಸು ಬೇರೆ, ವಾರಕ್ಕೆ ಕಲಿಸುವ ತಾಸು ಬೇರೆ, ಬರೆದವರು ಇಡೀ ದೇಶದ ಪ್ರತಿನಿಧಿಗಳೂ ಅಲ್ಲ. ತಕ್ಕಡಿ ಹಿಡಿದವನೇ "ಇದರಲ್ಲಿ ಅದನ್ನು ತೂಗಬೇಡಿ" ಅಂತ ಹೇಳಿದ ಮೇಲೂ ತೂಗಿ ಜಗಳ ಆಡುವವರಿಗೆ ಏನು ಹೇಳುವುದು?

ಹಾಗಾದರೆ ದೇಶ ದೇಶದ ಮಕ್ಕಳನ್ನು ಹೋಲಿಸಲೇಬಾರದೆ ಎಂದು ನೀವು ಕೇಳಬಹುದು. ಹೋಲಿಸಬಹುದು. ಆದರೆ ಬಂದವರನ್ನು ಕೂರಿಸುವುದಲ್ಲ, ಚೀಟಿ ಎತ್ತಿದ ಹಾಗೆ ಶಾಲೆಗಳನ್ನೂ ಮಕ್ಕಳನ್ನೂ ಆರಿಸಬೇಕು. ಯುರೋಪಿನವರು 2011ರಲ್ಲಿ ಹೀಗೆ ಮಾಡಿದ್ದರು. 14 ದೇಶ, ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು, ಹೆಚ್ಚಿನವರು ನಮಗಿಂತ ಎರಡು ವರ್ಷ ದೊಡ್ಡವರು. ಪ್ರತಿ ದೇಶದಲ್ಲಿ ಮಕ್ಕಳು ಹೆಚ್ಚಾಗಿ ಕಲಿಯುವ ಹೊರದೇಶದ ಭಾಷೆಯ ಪರೀಕ್ಷೆ. ಬಹಳ ದೇಶಗಳಲ್ಲಿ ಅದು ಇಂಗ್ಲಿಷ್. ಫಲಿತಾಂಶ 2012ರಲ್ಲಿ ಬಂತು. ಇನ್ನೊಬ್ಬರ ಸಹಾಯ ಇಲ್ಲದೆ ಆ ಭಾಷೆಯಲ್ಲಿ ವ್ಯವಹಾರ ಮಾಡಬಲ್ಲ ಮಟ್ಟ ಮುಟ್ಟಿದವರು ಸ್ವೀಡನ್ ದೇಶದಲ್ಲಿ ನೂರಕ್ಕೆ 82. ಫ್ರಾನ್ಸಿನಲ್ಲಿ ನೂರಕ್ಕೆ 14. ಎರಡೂ ಶ್ರೀಮಂತ ದೇಶಗಳೇ. ಎರಡೂ ಕಡೆ ಶಾಲೆಗೆ ಒಳ್ಳೆಯ ಕಟ್ಟಡ, ಪುಸ್ತಕ, ಮಾಸ್ತರು ಎಲ್ಲ ಇರುತ್ತಾರೆ. ಆದರೂ 82 ಎಲ್ಲಿ, 14 ಎಲ್ಲಿ!

ಎಲ್ಲರಿಗಿಂತ ಕೊನೆಗೆ ಬಂದವರು ಯಾರು ಗೊತ್ತೆ? ಇಂಗ್ಲೆಂಡಿನ ಮಕ್ಕಳು. ಅವರಿಗೆ ಕೊಟ್ಟದ್ದು ಇಂಗ್ಲಿಷ್ ಪರೀಕ್ಷೆ ಅಲ್ಲ, ಫ್ರೆಂಚ್. ಏಕೆಂದರೆ ಇಂಗ್ಲಿಷ್ ಅವರ ಮನೆಮಾತು, ಅವರು ಶಾಲೆಯಲ್ಲಿ ಕಲಿಯುವುದು ಫ್ರೆಂಚ್. ಆ ಮಟ್ಟ ಮುಟ್ಟಿದವರು ನೂರಕ್ಕೆ 9 ಮಾತ್ರ. ಇದನ್ನು ಓದಿದಾಗ ನಾನು ನಕ್ಕೆ ಅಂತ ಹೇಳಿದರೆ ಅಕ್ಕೋರು ಬೈಯಬಾರದು. ನಮ್ಮನ್ನು ಹೆದರಿಸುವ ಆ ಇಂಗ್ಲಿಷಿನ ಸ್ವಂತ ಊರಿನ ಮಕ್ಕಳೂ ಇನ್ನೊಬ್ಬರ ಭಾಷೆ ಕಲಿಯಲು ಕೂತಾಗ ನಮ್ಮ ಹಾಗೆಯೇ ತಡವರಿಸುತ್ತಾರೆ. ಅವರನ್ನು ಯಾರಾದರೂ ದಡ್ಡರು ಅಂತಾರಾ?

ಈ ವ್ಯತ್ಯಾಸ ಯಾಕೆ ಎಂಬುದು ಮುಂದಿನ ಪ್ರಶ್ನೆ. ಭಾಷೆ ಭಾಷೆಗೂ ನೆಂಟಸ್ತಿಕೆ ಇರುತ್ತದೆ. ಹಾಲೆಂಡಿನ ಡಚ್ ಭಾಷೆ, ಸ್ವೀಡನ್ನಿನ ಸ್ವೀಡಿಷ್ ಭಾಷೆ, ಇಂಗ್ಲಿಷ್, ಈ ಮೂರೂ ಒಂದೇ ಕುಟುಂಬದವು. ಕನ್ನಡ, ತಮಿಳು, ತೆಲುಗು ಇದ್ದ ಹಾಗೆ. ಡಚ್ ಹುಡುಗ ಇಂಗ್ಲಿಷ್ ಕಲಿಯುವುದು ಅಂದರೆ ನಾವು ತೆಲುಗು ಕಲಿತ ಹಾಗೆ. ನಾವು ಇಂಗ್ಲಿಷ್ ಕಲಿಯುವುದು ಹಾಗಲ್ಲ. "ನಾನು ಅನ್ನ ಉಂಡೆ" ಅನ್ನುವುದನ್ನು ಅವರು "ನಾನು ಉಂಡೆ ಅನ್ನ" ಅಂತಾರೆ. ಉಂಡಿದ್ದನ್ನು ಮೊದಲು ಹೇಳಿ ಆಮೇಲೆ ಏನು ಅಂತ ಹೇಳುವುದು. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಅಲ್ಲಿ ಪಿ-ಯು-ಟಿ ಪುಟ್ ಆದರೆ ಬಿ-ಯು-ಟಿ ಬಟ್. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಈ ದೂರವನ್ನು ಅಮೆರಿಕದ ಸರಕಾರ ಅಳೆದು ಇಟ್ಟಿದೆ. ಬೇರೆ ದೇಶಕ್ಕೆ ಕಳಿಸುವ ಅಧಿಕಾರಿಗಳಿಗೆ ಅಲ್ಲಿಯ ಭಾಷೆ ಕಲಿಸುವ ಶಾಲೆಯೊಂದು ಅವರಿಗಿದೆ. ಇಂಗ್ಲಿಷಿನವನಿಗೆ ಡಚ್ ಬರಲು ಸುಮಾರು 24 ವಾರ ಬೇಕು ಅಂತ ಅವರ ಲೆಕ್ಕ. ತಮಿಳು, ತೆಲುಗು ಬರಲು 44 ವಾರ, 1100 ತಾಸು ಪಾಠ. ಜಪಾನಿ ಭಾಷೆಗೆ 88 ವಾರ. ಶಿರಸಿಯಿಂದ ಬನವಾಸಿ ಎಷ್ಟು ದೂರವೋ ಬನವಾಸಿಯಿಂದ ಶಿರಸಿಯೂ ಅಷ್ಟೇ ದೂರ ಅಲ್ಲವೆ? ಅವರಿಗೆ ನಮ್ಮ ಕಡೆಯ ಭಾಷೆ ಅಷ್ಟು ದೂರ ಇದ್ದರೆ ನಮಗೆ ಅವರ ಭಾಷೆಯೂ ದೂರವೇ. ಜಪಾನ್ 87ನೆಯದಾಗಲು ಒಂದು ಕಾರಣ ಇಲ್ಲೇ ಸಿಕ್ಕಿತು. ಆ ಜಪಾನ್ ಯಂತ್ರ ಮಾಡುವುದರಲ್ಲಿ ಯಾರಿಗಿಂತ ಹಿಂದಿದೆ ಹೇಳಿ.

ಈಗ ನಮ್ಮ ಲೆಕ್ಕ. ತಮಿಳು ತೆಲುಗಿನ ಅಕ್ಕತಂಗಿ ಕನ್ನಡ, ಆದ್ದರಿಂದ ನಮಗೂ 1100 ತಾಸು ಅಂತಲೇ ಇಟ್ಟುಕೊಳ್ಳೋಣ. ದಿನಕ್ಕೆ ಇಂಗ್ಲಿಷಿನ ಒಂದು ಅವಧಿ, 40 ನಿಮಿಷ. ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದರೆ 8800 ನಿಮಿಷ, ಅಂದರೆ 146 ತಾಸು 40 ನಿಮಿಷ. 1100ನ್ನು ಅದರಿಂದ ಭಾಗಿಸಿದರೆ ಸರಿಯಾಗಿ ಏಳೂವರೆ ವರ್ಷ. ಗಣಿತದ ಮಾಸ್ತರು ನೋಡಿ ಸರಿ ಇದೆ ಎಂದಿದ್ದಾರೆ. ನಾನು ಏಳನೇತ್ತೆ. ಆ ಅಧಿಕಾರಿಗಳು ಸಣ್ಣ ಸಣ್ಣ ಗುಂಪಿನಲ್ಲಿ, ಬೇರೆ ಕೆಲಸ ಬಿಟ್ಟು, ಸಂಬಳ ತೆಗೆದುಕೊಂಡು ಕಲಿಯುತ್ತಾರೆ. ನಮ್ಮ 40 ನಿಮಿಷದಲ್ಲಿ ಹಾಜರಿ, ಹೋಂವರ್ಕ್ ನೋಡುವುದು, ಮಳೆ ಜೋರಾದರೆ ಹಂಚಿನ ಸದ್ದಿಗೆ ಸುಮ್ಮನೆ ಕೂರುವುದು ಎಲ್ಲ ಸೇರಿದೆ. ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದೇ 2007ರಲ್ಲಿ. ಆಯಿಯ ಕಾಲಕ್ಕೆ ಐದನೇತ್ತೆಯಿಂದ ಇತ್ತು. ಇಷ್ಟರಲ್ಲಿ ನಾವು ಕಲಿತದ್ದು ಕಡಿಮೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ನೆಂಟಸ್ತಿಕೆಯೊಂದೇ ಕಾರಣ ಅಂದರೆ ಫ್ರಾನ್ಸ್ ಅಡ್ಡ ಬರುತ್ತದೆ. ಫ್ರೆಂಚಿನಿಂದ ಇಂಗ್ಲಿಷಿಗೆ ಎಷ್ಟೋ ಶಬ್ದ ಹೋಗಿವೆ, ಅಕ್ಷರವೂ ಅದೇ. ಆದರೂ 14. ಇಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಫ್ರಾನ್ಸಿನ ಟಿ.ವಿ.ಯಲ್ಲಿ ಇಂಗ್ಲಿಷ್ ಸಿನಿಮಾ ಬಂದರೆ ಹೆಚ್ಚಾಗಿ ಫ್ರೆಂಚಿಗೆ ಡಬ್ ಮಾಡುತ್ತಾರೆ. ಹಾಲೆಂಡಿನಲ್ಲಿ, ಸ್ವೀಡನ್ನಿನಲ್ಲಿ ತೀರ ಚಿಕ್ಕ ಮಕ್ಕಳ ಕಾರ್ಯಕ್ರಮ ಬಿಟ್ಟರೆ ಉಳಿದದ್ದು ಇಂಗ್ಲಿಷಿನಲ್ಲೇ ಕೇಳಿಸುತ್ತದೆ, ಕೆಳಗೆ ಅವರ ಭಾಷೆಯ ಅಕ್ಷರ ಬರುತ್ತದೆ. ಅಲ್ಲಿಯ ಮಕ್ಕಳು ಮನೆಯಲ್ಲಿ ಚಾಪೆ ಮೇಲೆ ಕೂತೇ ದಿನಾ ಒಂದು ತಾಸು ಇಂಗ್ಲಿಷ್ ಕೇಳಿರುತ್ತಾರೆ. (ಚಾಪೆ ಅಲ್ಲಿ ಇದೆಯೋ ಸೋಫಾ ಇದೆಯೋ, ಇರಲಿ.) ಶಾಲೆಯಲ್ಲಿ? ಶಾಲೆಯಲ್ಲಿ ವಿಜ್ಞಾನ, ಗಣಿತ, ಇತಿಹಾಸ ಸಾಮಾನ್ಯವಾಗಿ ಡಚ್ಚಿನಲ್ಲಿ, ಅವರ ಮನೆಮಾತಿನಲ್ಲಿ. ಒಂದನೇ ನಂಬರಿನ ದೇಶದ ಹೆಚ್ಚಿನ ಮಕ್ಕಳು ತಮ್ಮ ಭಾಷೆಯ ಶಾಲೆಯಲ್ಲಿ ಓದಿದವರು. "ಹಾಲೆಂಡ್ ನೋಡಿ" ಅನ್ನುವವರು ಇದನ್ನು ನೋಡುವುದೇ ಇಲ್ಲ.

ಮುಂಡಗೋಡಿಗೆ ಬರೋಣ. ಅದು ನಮ್ಮದೇ ಜಿಲ್ಲೆ, ಪಕ್ಕದ ತಾಲೂಕು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟನ್ನರು ಬಂದರು. ಮುಂಡಗೋಡಿನ ಕ್ಯಾಂಪು ಸುರುವಾದದ್ದು 1966ರಲ್ಲಿ. ಬೇರೆ ದೇಶದ ಮಕ್ಕಳು ಅಂದರೆ ನಾವು ಕಣ್ಣಾರೆ ಕಂಡವರು ಅವರೇ. ಅವರಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಸುಳ್ಳಲ್ಲ. ಆದರೆ ಅವರ ಕತೆ ಕೇಳಿ. 1961ರಿಂದ ಕೇಂದ್ರ ಸರಕಾರ ಅವರಿಗಾಗಿ ಬೇರೆಯೇ ಶಾಲೆಗಳ ಸಂಸ್ಥೆ ಮಾಡಿತು. ದೇಶದ ಬೇರೆ ಬೇರೆ ಮೂಲೆಗಳಲ್ಲಿ ಇರುವ ಅವರ ಕ್ಯಾಂಪುಗಳಿಗೆಲ್ಲ ಹೊಂದುವ ಹಾಗೆ ದೊಡ್ಡ ತರಗತಿಗಳಲ್ಲಿ ಇಂಗ್ಲಿಷ್ ಮಾಧ್ಯಮ. ಸಣ್ಣ ತರಗತಿಗಳಲ್ಲಿ? ಟಿಬೆಟಿ ಭಾಷೆ! 2004ರಲ್ಲಿ ಅವರು ಮಾಡಿಕೊಂಡ ಶಿಕ್ಷಣ ನೀತಿಯಲ್ಲೂ ಚಿಕ್ಕ ಮಕ್ಕಳಿಗೆ ಪಾಠ ತಮ್ಮ ಭಾಷೆಯಲ್ಲೇ ಇರಬೇಕೆಂದು ಇದೆ. ದೇಶ ಬಿಟ್ಟು ಬಂದವರು, ಭಾಷೆಯೊಂದನ್ನಾದರೂ ಇಟ್ಟುಕೊಳ್ಳಬೇಕು ಅಂತ ಅವರಿಗೆ ಅನಿಸಿರಬೇಕು. ಮಾವ ಹೊಗಳುವ ಮಕ್ಕಳು ಕಲಿಕೆ ಸುರು ಮಾಡಿದ್ದು ಹೀಗೆ. ನನ್ನ ತಂಗಿಯನ್ನು ವ್ಯಾನು ಹತ್ತಿಸಲು ಕೊಟ್ಟ ಉದಾಹರಣೆ ನಿಜವಾಗಿ ಹತ್ತಿಸಬೇಡಿ ಅಂತಲೇ ಹೇಳುತ್ತದೆ. ಇದನ್ನು ನಾನು ಮಾವನ ಎದುರೇ ಹೇಳಿದ್ದೇನೆ. "ನೀ ವಕೀಲಿ ಓದು" ಅಂದ. ಒಪ್ಪಿದ ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ.

ಇನ್ನೊಂದು. ಅಪ್ಪನ ಜತೆ ಮುಂಡಗೋಡಿಗೆ ಹೋದಾಗ ಒಬ್ಬ ಟಿಬೆಟಿನ ಅಜ್ಜಿ ಗೋವಿನಜೋಳದ ವ್ಯಾಪಾರಿಯ ಹತ್ತಿರ ಕನ್ನಡದಲ್ಲಿ ಎಂಥ ಚೌಕಾಶಿ ಮಾಡಿದಳು ಅಂತೀರಿ! ಅವಳಿಗೆ ಕನ್ನಡದ ಪರೀಕ್ಷೆ ಯಾರೂ ಇಟ್ಟಿರಲಿಕ್ಕಿಲ್ಲ. ಬೇಕಿತ್ತು, ಬಂತು.

ಪೇಟೆಯ ಶಾಲೆಯೊಂದರ ಚೀಟಿಯ ಬಗ್ಗೆ ಒಂದು ಮಾತು. ಹೆಸರು ಬೇಡ. ವ್ಯಾನಿನವರು ಮನೆ ಮನೆಗೆ ಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿ ತಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಅಂಕ ಎಷ್ಟು, ಕನ್ನಡ ಮಾಧ್ಯಮದವರದು ಎಷ್ಟು ಎಂದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡವರಿಗೆ 125 ಅಂಕದ ಪರೀಕ್ಷೆ, ದ್ವಿತೀಯ ಭಾಷೆಯಾಗಿ ತೆಗೆದುಕೊಂಡವರಿಗೆ 100 ಅಂಕದ್ದು. ಪ್ರಶ್ನೆ ಪತ್ರಿಕೆಯೇ ಬೇರೆ. ಯಾರು ಯಾವುದನ್ನು ಬರೆದರು ಅಂತ ಚೀಟಿಯಲ್ಲಿ ಇಲ್ಲ. ಆ ಶಾಲೆಗೆ ಸೇರುವ ಮೊದಲೇ ಮಕ್ಕಳಿಗೆ ಪರೀಕ್ಷೆ ಇಟ್ಟು ಆರಿಸಿಕೊಳ್ಳುತ್ತಾರೆ ಎಂಬುದೂ ಇಲ್ಲ. ಇದೂ ಜಾತ್ರೆಯ ವಾರವೇ. ಚೀಟಿ ಬಂದ ಮನೆಯವರು ಈ ಎರಡು ಪ್ರಶ್ನೆ ಕೇಳಿ ನೋಡಲಿ.

ಇಷ್ಟೆಲ್ಲ ಬರೆದೆ ಅಂತ ನಮಗೆ ಇಂಗ್ಲಿಷ್ ಬೇಡ ಎಂದು ತಿಳಿಯಬೇಡಿ. ಬೇಕು. ಭಾವ ಅಂದ ಹಾಗೆ, ಕಾಲೇಜಿನ ವಿಜ್ಞಾನದ ಪುಸ್ತಕ ಇಂಗ್ಲಿಷಿನಲ್ಲಿ ಇರುವ ತನಕ ಅದು ಬಾರದಿದ್ದರೆ ಅಳುವ ಪರಿಸ್ಥಿತಿ. ನಮ್ಮೂರಲ್ಲಿ ಸಿಕ್ಕಿದ ಕದಂಬ ರವಿವರ್ಮನ ಕಂಬದ ಶಾಸನವೇ ಸಂಸ್ಕೃತದಲ್ಲಿದೆ, ಕನ್ನಡದಲ್ಲಿ ಅಲ್ಲ. ಸುಮಾರು ಸಾವಿರದ ಐನೂರು ವರ್ಷದ ಹಿಂದೆಯೂ ದೊಡ್ಡವರು ದೊಡ್ಡ ಮಾತನ್ನು ಬೇರೆ ಭಾಷೆಯಲ್ಲಿ ಬರೆಸುತ್ತಿದ್ದರು. ಕೆರೆಯ ದಂಡೆಯಲ್ಲಿ ನಾವು ಇವತ್ತು ಜಗಳ ಆಡುವುದು ಮಾತ್ರ ಕನ್ನಡದಲ್ಲೇ.

ನನಗೆ ಬೇಕಾದದ್ದು ಹಾಲೆಂಡಿನವರಿಗೆ ಸಿಗುವ ಆ ಕೇಳುವ ತಾಸು. ನಮ್ಮ ಕಿವಿಗೆ ಇಂಗ್ಲಿಷ್ ಬೀಳುವುದೇ ಇಲ್ಲ, ಕಣ್ಣಿಗೆ ಮಾತ್ರ ಬೀಳುತ್ತದೆ. ಆದ್ದರಿಂದ ಮುಖ್ಯ ಗುರುಗಳಲ್ಲಿ ನನ್ನ ವಿನಂತಿ: ಶನಿವಾರ ಬೆಳಗಿನ ಶಾಲೆಯ ಕೊನೆಯ ಅರ್ಧ ತಾಸು ನಮಗೆ ಇಂಗ್ಲಿಷ್ ಕೇಳಲು ಬಿಟ್ಟುಕೊಡಿ. ಮೊದಲನೇ ವಾರ ಕ್ರಿಕೆಟ್ ಕಾಮೆಂಟರಿ ಇರಲಿ, ಹುಡುಗರಿಗೆ ಅರ್ಧ ಆಗಲೇ ಬಾಯಿಪಾಠ ಇದೆ. ಎರಡನೇ ವಾರ ಕೆಳಗೆ ಅಕ್ಷರ ಬರುವ ಪ್ರಾಣಿಗಳ ಸಿನಿಮಾ. ಅರ್ಥವಾದಷ್ಟು ಕನ್ನಡದಲ್ಲಿ ಬರೆದು ಇದೇ ಗೋಡೆಗೆ ಹಚ್ಚೋಣ. ಅಂಕ ಬೇಡ. ಗಣಿತದ ಮಾಸ್ತರು ಮೊಬೈಲು ಕೊಡುತ್ತೇನೆ ಎಂದಿದ್ದಾರೆ. ಸ್ಪೀಕರು ಯಾರ ಮನೆಯಲ್ಲಿ ಇದೆಯೋ ಅವರು ಗುರುವಾರದೊಳಗೆ ನನಗೆ ತಿಳಿಸಿ. ಕರೆಂಟು ಹೋಗುವುದರಿಂದ ಬ್ಯಾಟರಿಯದು ಇದ್ದರೆ ಒಳ್ಳೆಯದು.

– ಏಳನೇ ತರಗತಿಯ ವಿದ್ಯಾರ್ಥಿನಿ